ಪೈಥಾನಿನ ಡೆಕೊರೇಟರ್ ನಿಜವಾಗಿ ಮಾಡುವ ಕೆಲಸವೇನು? ಲಾಗಿನ್ ತಪಾಸಣೆ ಸೇರಿಸಿದ ಮೇಲೆ ಎರಡು ತೊಂದರೆ

ಪ್ರಶ್ನೆ: ಆಲ್ದೂರು_ಕಣ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಕಡೆಯವನು. ಓದಿದ್ದು ಬಿ.ಕಾಂ.; ಪೈಥಾನನ್ನು ಕಳೆದ ಎರಡು ಮಳೆಗಾಲಗಳಲ್ಲಿ, ತೋಟದ ಕೆಲಸ ಕಡಿಮೆ ಇರುವ ಸಂಜೆಗಳಲ್ಲಿ, ಸ್ವಂತವಾಗಿ ಕಲಿತೆ. ನಮ್ಮ ಕಾಫಿ ತೋಟಕ್ಕೂ ಅಕ್ಕಪಕ್ಕದ ಎರಡು ತೋಟಗಳಿಗೂ ಸೇರಿ ಒಂದು ಚಿಕ್ಕ ಜಾಲತಾಣವನ್ನು ಫ್ಲಾಸ್ಕ್ (ಪೈಥಾನಿನಲ್ಲಿ ಜಾಲತಾಣ ಕಟ್ಟುವ ಚೌಕಟ್ಟು) ಬಳಸಿ ಬರೆದಿದ್ದೇನೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಸೆಂಟ್ಸ್ (ಇಂಚಿನ ನೂರರಲ್ಲೊಂದು ಪಾಲು) ಬಿತ್ತು, ಯಾವ ಬ್ಲಾಕಿನಲ್ಲಿ ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು ಎಂಬುದನ್ನು ಅದರಲ್ಲಿ ದಾಖಲಿಸುತ್ತೇವೆ. ಒಟ್ಟು 14 ಪುಟಗಳಿವೆ.

ಪ್ರತಿ ಪುಟದ ಫಂಕ್ಷನ್ನಿನ ತಲೆಯ ಮೇಲೆ @ ಚಿಹ್ನೆಯಿಂದ ಶುರುವಾಗುವ ರೂಟ್ ಸಾಲನ್ನು (ಯಾವ ವಿಳಾಸಕ್ಕೆ ಈ ಫಂಕ್ಷನ್ ಎಂದು ಹೇಳುವ ಡೆಕೊರೇಟರ್) ನಾನು ಮೊದಲಿನಿಂದಲೂ ಬರೆಯುತ್ತಾ ಬಂದಿದ್ದೇನೆ. ಅರ್ಥ ಮಾಡಿಕೊಂಡು ಬರೆದದ್ದಲ್ಲ, ನೋಡಿ ನಕಲು ಮಾಡಿದ್ದು. ಒಬ್ಬರ ತೋಟದ ಲೆಕ್ಕ ಇನ್ನೊಬ್ಬರಿಗೆ ಕಾಣಬಾರದೆಂಬ ಮಾತು ಬಂದದ್ದರಿಂದ, ಒಂದು ವಿಡಿಯೊ ನೋಡಿ ನಾನೇ ಎರಡು ಡೆಕೊರೇಟರುಗಳನ್ನು ಬರೆದೆ. ಒಂದು, ಲಾಗಿನ್ ಆಗಿದೆಯೇ ಎಂದು ನೋಡುವುದು. ಇನ್ನೊಂದು, ಫಂಕ್ಷನ್ ಮುಗಿಯಲು ಎಷ್ಟು ಹೊತ್ತಾಯಿತೆಂದು ಅಳೆಯುವುದು. ಎರಡರ ಒಳಗಿನ ಫಂಕ್ಷನ್ನಿಗೂ "ಹೊದಿಕೆ" ಎಂದು ಹೆಸರಿಟ್ಟಿದ್ದೆ.

ತೊಂದರೆ ಎರಡು ಬಂದವು. ಹೊತ್ತು ಅಳೆಯುವುದನ್ನು ದಿನದ ಕೊಯ್ಲಿನ ಮೊತ್ತ ಕೂಡುವ ಫಂಕ್ಷನ್ನಿನ ಮೇಲೆ ಹಾಕಿದಾಗ ಪುಟದಲ್ಲಿ ಮೊತ್ತದ ಜಾಗದಲ್ಲಿ "ನನ್" (ಏನೂ ಇಲ್ಲ ಎಂಬುದಕ್ಕೆ ಪೈಥಾನಿನ ಪದ) ಎಂದು ಬಂತು. ಲಾಗಿನ್ ತಪಾಸಣೆಯನ್ನು ಒಂದು ಪುಟಕ್ಕೆ ಹಾಕಿದಾಗ ಸರಿಯಾಗಿತ್ತು. ಎರಡನೆಯ ಪುಟಕ್ಕೂ ಹಾಕಿದೊಡನೆ ಸರ್ವರ್ ಏಳಲೇ ಇಲ್ಲ. ಈಗಾಗಲೇ ಇರುವ ಹೆಸರಿನ ಮೇಲೆ ಇನ್ನೊಂದು ಫಂಕ್ಷನ್ನನ್ನು ಬರೆಯುತ್ತಿದ್ದೀರಿ ಎಂಬರ್ಥದ ದೋಷ ಸಂದೇಶ ಬಂತು, ಮತ್ತು ಅದು ತೋರಿಸಿದ ಹೆಸರು "ಹೊದಿಕೆ". ಹೊದಿಕೆ ಎಂಬ ಪುಟವನ್ನು ನಾನು ಮಾಡಿಯೇ ಇಲ್ಲ.

ಇವನ್ನು ಸರಿಪಡಿಸುವ ದಾರಿಯ ಜೊತೆಗೆ ಇನ್ನೊಂದು ಮಾತನ್ನೂ ತಿಳಿಯಬೇಕಿದೆ. ಪ್ರತಿ ಫಂಕ್ಷನ್ನಿನ ಮೊದಲಲ್ಲಿ ಮೂರು ಸಾಲು ಬರೆದರೆ ಆಗುವ ಕೆಲಸಕ್ಕೆ ಭಾಷೆಯಲ್ಲಿ ಇಷ್ಟು ದೊಡ್ಡ ಏರ್ಪಾಡು ಏಕೆ ಬೇಕಾಯಿತು? ನಿಘಂಟಿನ ಪ್ರಕಾರ ಡೆಕೊರೇಟರ್ ಎಂದರೆ ಅಲಂಕಾರ ಮಾಡುವವನು. ಇಲ್ಲಿ ಅಲಂಕಾರವಾಗುತ್ತಿರುವುದು ಯಾವುದು?


ಉತ್ತರ: ಹೇಮಾವತಿ_ದಂಡೆ

ನಿಮ್ಮ ಎರಡೂ ತೊಂದರೆಗಳ ಬೇರು ಒಂದೇ ಕಡೆ ಇದೆ. ಡೆಕೊರೇಟರ್ ಫಂಕ್ಷನ್ನಿಗೆ ಏನನ್ನೋ ಅಂಟಿಸುತ್ತದೆ ಎಂದು ನೀವು ಭಾವಿಸಿದ್ದೀರಿ. ಅದು ಅಂಟಿಸುವುದಿಲ್ಲ, ಆ ಹೆಸರಿನ ಜಾಗದಲ್ಲಿ ಬೇರೊಬ್ಬನನ್ನು ಕೂರಿಸುತ್ತದೆ. ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪೈಥಾನ್ ಪಾಠ ಮಾಡುವ ನನಗೆ ವಿದ್ಯಾರ್ಥಿಗಳು ಪ್ರತಿ ವರ್ಷ ಇದೇ ಜಾಗದಲ್ಲಿ ಎಡವುವುದು ಕಾಣುತ್ತದೆ. ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಪೈಥಾನಿನಲ್ಲಿ ಫಂಕ್ಷನ್ ಎಂಬುದು ಸಂಖ್ಯೆಯಂತೆ, ಪಟ್ಟಿಯಂತೆ ಒಂದು ವಸ್ತು. ಅದನ್ನು ಇನ್ನೊಂದು ಫಂಕ್ಷನ್ನಿಗೆ ಕೊಡಬಹುದು, ಒಂದು ಫಂಕ್ಷನ್ನಿನಿಂದ ಹಿಂದಕ್ಕೆ ಪಡೆಯಬಹುದು, ಬೇರೆ ಹೆಸರಿಗೆ ಕಟ್ಟಬಹುದು. ನೀವು ಕೊಯ್ಲು_ಮೊತ್ತ ಎಂಬ ಫಂಕ್ಷನ್ನನ್ನು ಬರೆದು ಅದರ ಮೇಲೆ @ಸಮಯ_ಅಳೆ ಎಂದು ಬರೆದಾಗ ಭಾಷೆ ಮಾಡುವುದು, ಸಾರದಲ್ಲಿ, ಈ ಒಂದು ಸಾಲಿನ ಕೆಲಸವನ್ನು ಮಾತ್ರ:

ಕೊಯ್ಲು_ಮೊತ್ತ = ಸಮಯ_ಅಳೆ(ಕೊಯ್ಲು_ಮೊತ್ತ)

ಬಲಗಡೆ ನಿಮ್ಮ ಫಂಕ್ಷನ್ ಒಳಕ್ಕೆ ಹೋಗುತ್ತದೆ. ಒಳಗಿನಿಂದ ಏನು ಹೊರಬರುತ್ತದೆಯೋ ಅದು ಎಡಗಡೆಯ ಹೆಸರಿಗೆ ಕಟ್ಟಿಕೊಳ್ಳುತ್ತದೆ. ಹೊರಬಂದದ್ದು ನಿಮ್ಮದೇ ಫಂಕ್ಷನ್ ಆಗಿರಬೇಕೆಂಬ ನಿಯಮವಿಲ್ಲ. ಅಷ್ಟೇಕೆ, ಅದು ಫಂಕ್ಷನ್ನೇ ಆಗಿರಬೇಕೆಂದೂ ಇಲ್ಲ.

ತೋಟದವರಾದ ನಿಮಗೆ ಹೇಳುವುದು ಸುಲಭ. ಕೊಯ್ಲಿನ ದಿನ ಆಳು ಹಣ್ಣು ಕೊಯ್ಯುತ್ತಾಳೆ. ಸಂಜೆ ಕಣದ ಬಳಿ ತಕ್ಕಡಿ ಹಿಡಿದು ನಿಂತ ರೈಟರು ತೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೊಯ್ಯುವವಳಿಗೆ ತೂಕದ ಪುಸ್ತಕ ಹೇಗಿದೆ ಎಂಬುದು ಬೇಕಿಲ್ಲ, ರೈಟರಿಗೆ ಹಣ್ಣು ಕೊಯ್ಯಲು ಬರಬೇಕೆಂದಿಲ್ಲ. ಅವಳು ಮೂಲ ಫಂಕ್ಷನ್, ರೈಟರು ಹೊದಿಕೆ. ಡೆಕೊರೇಟರ್ ಎಂದರೆ ಇಂಥವಳ ಹಣ್ಣು ಇನ್ನು ಮುಂದೆ ಇಂಥ ರೈಟರ ಕೈ ದಾಟಿಯೇ ಬರಬೇಕೆಂದು ಗೊತ್ತುಮಾಡುವ ಏರ್ಪಾಡು. ಹೊರಗಿನವರು "ಕೊಯ್ಲು_ಮೊತ್ತ" ಎಂದು ಕರೆದಾಗ ಈಗ ಓಗೊಡುವವರು ರೈಟರು; ಅವರು ಒಳಗೆ ಹೋಗಿ ಅವಳಿಂದ ಕೆಲಸ ಮಾಡಿಸಿಕೊಂಡು ಬಂದು ಕೊಡಬೇಕು.

ಈಗ ನಿಮ್ಮ "ನನ್" ಹೇಗೆ ಬಂತೆಂದು ನೋಡಿ. ರೈಟರು ಹಣ್ಣನ್ನು ತೂಗಿದರು, ಹೊತ್ತನ್ನು ಬರೆದುಕೊಂಡರು, ಆದರೆ ಚೀಲವನ್ನು ಮುಂದಕ್ಕೆ ಕೊಡಲಿಲ್ಲ. ಮೂಲ ಫಂಕ್ಷನ್ ಕೊಟ್ಟ ಉತ್ತರವನ್ನು ಹೊದಿಕೆ ರಿಟರ್ನ್ ಮಾಡದಿದ್ದರೆ ಪೈಥಾನ್ ನನ್ ಎಂಬುದನ್ನೇ ಉತ್ತರವಾಗಿ ಕೊಡುತ್ತದೆ. ಸರಿಯಾದ ರೂಪ ಹೀಗಿರಬೇಕು. ಪೈಥಾನ್ 3ರಲ್ಲಿ ನಾವಿಡುವ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು. ಡೆಫ್, ರಿಟರ್ನ್ ಮುಂತಾದ ಭಾಷೆಯ ಸ್ವಂತ ಪದಗಳನ್ನೂ ಲೈಬ್ರರಿಯ ಹೆಸರುಗಳನ್ನೂ ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಅವನ್ನು ಮಾತ್ರ ನೀವು ಇಂಗ್ಲಿಷಿಗೆ ತಿರುಗಿಸಿಕೊಳ್ಳಿ.

ಡೆಫ್ ಸಮಯ_ಅಳೆ(ಮೂಲ):
    @ಫಂಕ್ಟೂಲ್ಸ್.ವ್ರ್ಯಾಪ್ಸ್(ಮೂಲ)
    ಡೆಫ್ ಹೊದಿಕೆ(*ಆರ್ಗ್ಸ್, **ಕ್ವಾರ್ಗ್ಸ್):
        ಶುರು = ಟೈಮ್.ಪರ್ಫ್_ಕೌಂಟರ್()
        ಫಲ = ಮೂಲ(*ಆರ್ಗ್ಸ್, **ಕ್ವಾರ್ಗ್ಸ್)
        ಪ್ರಿಂಟ್(ಮೂಲ.__ನೇಮ್__, ಟೈಮ್.ಪರ್ಫ್_ಕೌಂಟರ್() - ಶುರು)
        ರಿಟರ್ನ್ ಫಲ
    ರಿಟರ್ನ್ ಹೊದಿಕೆ

ರಿಟರ್ನ್ ಎರಡು ಕಡೆ ಇರುವುದನ್ನು ಗಮನಿಸಿ. ಒಳಗಿನದು ಪ್ರತಿ ಸಲ ಕರೆದಾಗ ಉತ್ತರವನ್ನು ಮುಂದಕ್ಕೆ ಕೊಡುವುದು. ಹೊರಗಿನದು ಒಂದೇ ಒಂದು ಸಲ, ಹೆಸರಿಗೆ ಹೊಸ ಯಜಮಾನನನ್ನು ಕೂರಿಸುವಾಗ, ಕೆಲಸ ಮಾಡುವುದು. ನಕ್ಷತ್ರ ಹಾಕಿದ ಆ ಎರಡು ಹೆಸರುಗಳು, ಕರೆದವರು ಏನೇನು ಕೊಟ್ಟರೋ ಅಷ್ಟನ್ನೂ ಬಿಚ್ಚಿ ನೋಡದೆ ಒಳಗೆ ದಾಟಿಸುತ್ತವೆ.

ಎರಡನೆಯ ತೊಂದರೆಗೆ ಕಾರಣ ಇನ್ನೂ ಸ್ವಾರಸ್ಯಕರವಾಗಿದೆ. ಪುಸ್ತಕದಲ್ಲಿ ಕೊಯ್ದವಳ ಹೆಸರಿನ ಕೆಳಗೆ ತೂಕ ಬರೆಯಬೇಕಾದ ರೈಟರು ಪ್ರತಿ ಸಾಲಿನಲ್ಲೂ ತಮ್ಮದೇ ಹೆಸರನ್ನು ಬರೆದರೆ ಏನಾಗುತ್ತದೆಯೋ ನಿಮ್ಮಲ್ಲಿ ಆದದ್ದು ಅದೇ. ಪ್ರತಿ ಫಂಕ್ಷನ್ ತನ್ನ ಹೆಸರನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಫ್ಲಾಸ್ಕ್ ಪುಟಗಳನ್ನು ನೋಂದಾಯಿಸುವಾಗ, ನೀವು ಬೇರೆ ಹೆಸರು ಸೂಚಿಸದಿದ್ದರೆ, ಆ ಹೆಸರನ್ನೇ ಗುರುತಾಗಿ ಬಳಸುತ್ತದೆ. ಮೊದಲ ಪುಟ "ಹೊದಿಕೆ" ಎಂದು ನೋಂದಣಿಯಾಯಿತು, ಎರಡನೆಯದೂ "ಹೊದಿಕೆ" ಎಂದೇ ಬಂತು, ಫ್ಲಾಸ್ಕ್ ಒಪ್ಪಲಿಲ್ಲ. ಮೇಲಿನ ಕೋಡಿನ ಎರಡನೆಯ ಸಾಲಿನಲ್ಲಿರುವ ವ್ರ್ಯಾಪ್ಸ್ ಇದಕ್ಕೇ ಇರುವುದು: ಮೂಲ ಫಂಕ್ಷನ್ನಿನ ಹೆಸರು, ವಿವರಣೆ ಮುಂತಾದವನ್ನು ಅದು ಹೊದಿಕೆಯ ಮೇಲೆ ನಕಲು ಮಾಡುತ್ತದೆ. ಪೈಥಾನ್ 2.5ರಿಂದಲೂ ಇರುವ ಈ ಸಾಲನ್ನು ಬಹಳಷ್ಟು ವಿಡಿಯೊಗಳು ಕೊನೆಯಲ್ಲಿ ಹೇಳುತ್ತವೆ ಅಥವಾ ಹೇಳುವುದೇ ಇಲ್ಲ. ಹೊದಿಕೆ ಬರೆಯುವಾಗ ಇದನ್ನೇ ಮೊದಲು ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಮೂರು ಸಾಲಿನ ಕೆಲಸಕ್ಕೆ ಇಷ್ಟು ಏರ್ಪಾಡು ಏಕೆ ಎಂದು ಕೇಳಿದಿರಿ. ಲಾಗಿನ್ ತಪಾಸಣೆಯೇನೋ ಫಂಕ್ಷನ್ನಿನ ಮೊದಲಲ್ಲಿ ಬರುವಂಥದ್ದು, ಅದನ್ನು 14 ಕಡೆ ಬರೆಯಬಹುದು, 15ನೆಯ ಪುಟದಲ್ಲಿ ಮರೆಯಲೂಬಹುದು. ಆದರೆ ಹೊತ್ತು ಅಳೆಯುವುದಕ್ಕೆ ಮೊದಲಲ್ಲೂ ಸಾಲು ಬೇಕು, ಕೊನೆಯಲ್ಲೂ ಬೇಕು. ನಿಮ್ಮ ಫಂಕ್ಷನ್ನಿನಿಂದ ಹೊರಬರಲು ನಾಲ್ಕು ರಿಟರ್ನುಗಳಿದ್ದರೆ ನಾಲ್ಕೂ ಕಡೆ ಬರೆಯಬೇಕಾಗುತ್ತದೆ. ಅಷ್ಟು ಬರೆದ ಮೇಲೆ ಕೊಯ್ಲಿನ ಲೆಕ್ಕ ಯಾವುದು, ಗಡಿಯಾರದ ಲೆಕ್ಕ ಯಾವುದು ಎಂದು ಮುಂದಿನ ವರ್ಷ ನಿಮಗೇ ಗುರುತು ಸಿಗುವುದಿಲ್ಲ. ಫಂಕ್ಷನ್ನಿನ ಹೊಟ್ಟೆಯೊಳಗೆ ಅದರ ಸ್ವಂತ ಕೆಲಸ ಮಾತ್ರ ಇರಲಿ, ಅದರ ಸುತ್ತಲಿನ ಕೆಲಸ ಹೊರಗೆ ಇರಲಿ, ಆದರೆ ಹೊರಗೆ ಏನಿದೆ ಎಂಬುದು ಫಂಕ್ಷನ್ನಿನ ತಲೆಯ ಮೇಲೆಯೇ ಓದುವವರಿಗೆ ಕಾಣಲಿ ಎಂಬುದು ಇದರ ಪಾತ್ರ.

ಈ ಕೊನೆಯ ಮಾತಿಗಾಗಿಯೇ @ ರೂಪ ಹುಟ್ಟಿದ್ದು. ಮೆಥಡ್ಡಿನ, ಎಂದರೆ ಕ್ಲಾಸಿನೊಳಗಿನ ಫಂಕ್ಷನ್ನಿನ, ಸ್ವಭಾವ ಬದಲಿಸುವ ಕ್ಲಾಸ್‌ಮೆಥಡ್, ಸ್ಟ್ಯಾಟಿಕ್‌ಮೆಥಡ್ ಎಂಬವು ಪೈಥಾನ್ 2.2ರಲ್ಲಿಯೇ ಬಂದಿದ್ದವು. ಆಗ ಮೆಥಡ್ಡನ್ನು ಪೂರ್ತಿ ಬರೆದು ಮುಗಿಸಿ, ಅದರ ಕೆಳಗೆ, ನಾನು ಮೇಲೆ ತೋರಿಸಿದ ಮಾದರಿಯ ಸಾಲನ್ನು ಕೈಯಾರೆ ಬರೆಯಬೇಕಿತ್ತು. ಮೆಥಡ್ ಐವತ್ತು ಸಾಲಿನದಾದರೆ ಅದರ ಸ್ವಭಾವವನ್ನೇ ಬದಲಿಸುವ ಮಾತು ಐವತ್ತೊಂದನೆಯ ಸಾಲಿನಲ್ಲಿ ಅಡಗಿರುತ್ತಿತ್ತು, ಒಂದೇ ಹೆಸರನ್ನು ಮೂರು ಸಲ ಬರೆಯಬೇಕಿತ್ತು. ಪೆಪ್ 318 ಎಂಬ ಪ್ರಸ್ತಾವದ ಸುತ್ತ ದೀರ್ಘ ವಾಗ್ವಾದ ನಡೆಯಿತು. ಚೌಕ ಆವರಣದೊಳಗೆ ಪಟ್ಟಿಯಾಗಿ ಬರೆಯುವುದು, ಹೊಸ ಕೀವರ್ಡ್ ತರುವುದು ಎಂದು ಹಲವು ರೂಪಗಳು ಬಂದು ಹೋದವು. ಕೊನೆಗೆ ಪೈಥಾನಿನ ಸೃಷ್ಟಿಕರ್ತ ಗೈಡೋ ವಾನ್ ರೋಸಮ್ @ ರೂಪವನ್ನು ಒಪ್ಪಿದರು, ಅದು 2004ರ ನವೆಂಬರಿನಲ್ಲಿ ಬಂದ ಪೈಥಾನ್ 2.4ರಲ್ಲಿ ಸೇರಿತು. ಡೆಕೊರೇಟರ್ ಎಂಬ ಹೆಸರಿನ ಬಗ್ಗೆ ಆಗಲೇ ಹಲವರು ಆಕ್ಷೇಪ ಎತ್ತಿದ್ದರು. ಕಂಪೈಲರಿನವರು ವಾಕ್ಯರಚನೆಯ ಮರಕ್ಕೆ ಟಿಪ್ಪಣಿ ಸೇರಿಸುವುದನ್ನು ಕರೆಯುವ ರೀತಿಗೆ ಈ ಹೆಸರು ಹತ್ತಿರ ಎಂದು ಆ ಪ್ರಸ್ತಾವವೇ ಹೇಳಿಕೊಂಡಿದೆ.


ಉತ್ತರ: ಕೋಟೆ_ಬೀದಿ

ಮೇಲಿನ ವಿವರಣೆ ಚೆನ್ನಾಗಿದೆ, ಆದರೆ ಎರಡನೆಯ ತೊಂದರೆಗೆ ಇನ್ನೂ ಸುಲಭದ ದಾರಿ ಇದೆ. ರೂಟ್ ಸಾಲನ್ನು ಕೆಳಗೆ, ಲಾಗಿನ್ ತಪಾಸಣೆಯ ಸಾಲನ್ನು ಮೇಲೆ ಬರೆಯಿರಿ. ನನಗೂ ಇದೇ ದೋಷ ಬಂದಿತ್ತು. ಎರಡು ಸಾಲುಗಳನ್ನು ಅದಲುಬದಲು ಮಾಡಿದ ತಕ್ಷಣ ಸರ್ವರ್ ಎದ್ದಿತು.


ಉತ್ತರ: ಸಕಲೇಶಪುರ_ಘಾಟಿ

ಕೋಟೆ_ಬೀದಿಯವರ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ದೋಷ ಸಂದೇಶ ಹೋಗುತ್ತದೆ ಎಂಬುದು ನಿಜ. ಅದರ ಜೊತೆಗೆ ಬೀಗವೂ ಹೋಗುತ್ತದೆ.

ಡೆಕೊರೇಟರುಗಳು ಒಂದರ ಮೇಲೊಂದಿದ್ದಾಗ ಫಂಕ್ಷನ್ನಿಗೆ ಹತ್ತಿರವಿರುವುದು, ಎಂದರೆ ಕೆಳಗಿನದು, ಮೊದಲು ಅನ್ವಯವಾಗುತ್ತದೆ. ಫ್ಲಾಸ್ಕಿನ ರೂಟ್ ಯಾವ ಹೊದಿಕೆಯನ್ನೂ ಹಾಕುವುದಿಲ್ಲ. ತನ್ನ ಕೈಗೆ ಬಂದ ಫಂಕ್ಷನ್ನನ್ನು ತನ್ನ ಪಟ್ಟಿಯಲ್ಲಿ ಬರೆದುಕೊಂಡು, ಅದನ್ನೇ ಹಾಗೆಯೇ ಹಿಂದಕ್ಕೆ ಕೊಡುತ್ತದೆ. ರೂಟ್ ಕೆಳಗಿದ್ದರೆ ಅದರ ಪಟ್ಟಿಗೆ ಸೇರುವುದು ತಪಾಸಣೆಯಿಲ್ಲದ ಬರಿಯ ಫಂಕ್ಷನ್. ಆಮೇಲೆ ಲಾಗಿನ್ ತಪಾಸಣೆ ಬಂದು ಹೆಸರಿಗೆ ಹೊದಿಕೆ ಕೂರಿಸುತ್ತದೆ, ಆದರೆ ಬ್ರೌಸರಿನಿಂದ ಕರೆ ಬಂದಾಗ ಫ್ಲಾಸ್ಕ್ ಆ ಹೆಸರನ್ನು ನೋಡುವುದೇ ಇಲ್ಲ, ತನ್ನ ಪಟ್ಟಿಯನ್ನು ನೋಡುತ್ತದೆ. ಹೆಬ್ಬಾಗಿಲಿಗೆ ಕಾವಲುಗಾರನನ್ನು ನಿಲ್ಲಿಸಿ, ಬರುವವರಿಗೆಲ್ಲ ಹಿತ್ತಿಲ ದಾರಿಯ ವಿಳಾಸ ಕೊಟ್ಟಂತೆ. ಹೆಸರುಗಳ ಘರ್ಷಣೆ ತಪ್ಪುವುದಕ್ಕೂ ಇದೇ ಕಾರಣ: ಹೊದಿಕೆಗಳು ಪಟ್ಟಿಗೆ ಬರಲೇ ಇಲ್ಲವಾದ್ದರಿಂದ ಅವುಗಳ ಹೆಸರು ಒಂದೇ ಆಗಿದ್ದರೂ ಯಾರಿಗೂ ತೊಂದರೆಯಾಗಲಿಲ್ಲ. ರೂಟ್ ಯಾವಾಗಲೂ ಎಲ್ಲಕ್ಕಿಂತ ಮೇಲೆ ಇರಬೇಕು. ನಂಬಿಕೆ ಬರದಿದ್ದರೆ ಅದಲುಬದಲು ಮಾಡಿ, ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಲಾಗಿನ್ ಆಗದೆ ಆ ಪುಟವನ್ನು ತೆರೆದು ನೋಡಿ.

ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. @ ಸಾಲು ನಡೆಯುವುದು ಫಂಕ್ಷನ್ನನ್ನು ಕರೆದಾಗಲ್ಲ, ಫೈಲನ್ನು ಓದಿಕೊಂಡು ಫಂಕ್ಷನ್ ಹುಟ್ಟುವ ಗಳಿಗೆಯಲ್ಲಿ. ನಿಮ್ಮ ಸರ್ವರ್ ಏಳುವ ಮೊದಲೇ ದೋಷ ಬಂದದ್ದು ಅದಕ್ಕೇ. ಹೊದಿಕೆಯ ಹೊರಗೆ, ಡೆಕೊರೇಟರಿನ ಒಳಗೆ ಡೇಟಾಬೇಸ್ ತೆರೆಯುವಂಥ ಕೆಲಸ ಬರೆದರೆ ಅದು ಫೈಲನ್ನು ಇಂಪೋರ್ಟ್ ಮಾಡಿದಾಗಲೇ ನಡೆದುಹೋಗುತ್ತದೆ.

ನಾನು ಡೆಕೊರೇಟರುಗಳ ವಿರೋಧಿಯಲ್ಲ, ದಿನವೂ ಬಳಸುತ್ತೇನೆ. ಆದರೆ ಅವು ಕೈಗೆ ಹತ್ತಿದ ಮೊದಲ ಆರು ತಿಂಗಳು ಎಲ್ಲರೂ ಅತಿಯಾಗಿ ಬಳಸುತ್ತಾರೆ. ಹಿಂದೆ ನಾನಿದ್ದ ಕಚೇರಿಯೊಂದರಲ್ಲಿ ಒಂದೇ ಫಂಕ್ಷನ್ನಿನ ಮೇಲೆ ಆರು ಡೆಕೊರೇಟರುಗಳಿದ್ದವು, ಫಂಕ್ಷನ್ನಿನ ಒಳಗೆ ನಾಲ್ಕೇ ಸಾಲು. ಅವುಗಳಲ್ಲಿ ಒಂದು ಎಲ್ಲ ಬಗೆಯ ದೋಷಗಳನ್ನೂ ಹಿಡಿದು ನುಂಗಿ ಖಾಲಿ ಪಟ್ಟಿಯನ್ನು ಹಿಂದಿರುಗಿಸುತ್ತಿತ್ತು. ಡೇಟಾಬೇಸ್ ಮೂರು ದಿನ ಮಲಗಿದ್ದರೂ ವರದಿಯಲ್ಲಿ "ದಾಖಲೆಗಳಿಲ್ಲ" ಎಂದಷ್ಟೇ ಬರುತ್ತಿತ್ತು. ನಾಲ್ಕು ಸಾಲನ್ನು ಹತ್ತು ಸಲ ಓದಿದ ನಾನು ತಲೆಯ ಮೇಲಿನ ಆರು ಸಾಲನ್ನು ಓದಿದ್ದು ನಾಲ್ಕನೆಯ ದಿನ.

ಆದ್ದರಿಂದ ನನ್ನ ಅಳತೆಗೋಲು ಹೀಗಿದೆ: ಡೆಕೊರೇಟರನ್ನು ತೆಗೆದರೂ ಫಂಕ್ಷನ್ನಿನ ಉತ್ತರದ ಅರ್ಥ ಅದೇ ಉಳಿಯಬೇಕು. ಹೊತ್ತು ಅಳೆಯುವುದು, ಲಾಗ್ ಬರೆಯುವುದು, ಒಳಗೆ ಬಿಡಬೇಕೋ ಬೇಡವೋ ಎಂದು ನೋಡುವುದು, ಇವೆಲ್ಲ ಅದಕ್ಕೆ ಒಪ್ಪುತ್ತವೆ. ಉತ್ತರವನ್ನೇ ಬದಲಿಸುವಂಥದ್ದಾದರೆ ಸಾದಾ ಫಂಕ್ಷನ್ನಾಗಿ ಬರೆದು, ಬೇಕಾದ ಕಡೆ ಹೆಸರು ಹಿಡಿದು ಕರೆಯುವುದು ಲೇಸು.

ಪೈಥಾನಿನ ಫಂಕ್ಟೂಲ್ಸ್ ಲೈಬ್ರರಿಯಲ್ಲಿರುವ ಎಲ್‌ಆರ್‌ಯು_ಕ್ಯಾಶ್ ಎಂಬ ಡೆಕೊರೇಟರ್ ನಿಮ್ಮ ಕಣ್ಣಿಗೆ ಇಷ್ಟರಲ್ಲೇ ಬೀಳುತ್ತದೆ, ಅದರ ಬಗ್ಗೆಯೂ ಒಂದು ಮಾತು. ಒಂದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಫಂಕ್ಷನ್ನನ್ನು ನಡೆಸದೆ ಹಿಂದಿನ ಉತ್ತರವನ್ನೇ ಅದು ಕೊಡುತ್ತದೆ. ನೀವು ಬೇರೆ ಹೇಳದಿದ್ದರೆ ಇತ್ತೀಚಿನ 128 ಉತ್ತರಗಳನ್ನು ಇಟ್ಟುಕೊಳ್ಳುತ್ತದೆ. ಹಳೆಯ ವರ್ಷಗಳ ಮಳೆ ಮೊತ್ತಕ್ಕೆ ಇದು ಒಳ್ಳೆಯದು. ಈ ತಿಂಗಳ ಮೊತ್ತಕ್ಕೆ ಹಾಕಿದರೆ, ಬೆಳಿಗ್ಗೆ ಒಮ್ಮೆ ಪುಟ ತೆರೆದ ಮೇಲೆ ಸಂಜೆ ಬಿದ್ದ ಮಳೆಯನ್ನು ದಾಖಲಿಸಿದರೂ ಬೆಳಗಿನ ಅಂಕಿಯೇ ಕಾಣುತ್ತಿರುತ್ತದೆ. ಹೊಸ ದಾಖಲೆ ಬರೆದ ಕೂಡಲೇ, ಇಟ್ಟುಕೊಂಡ ಉತ್ತರಗಳನ್ನು ಅಳಿಸುವ ಕ್ಯಾಶ್_ಕ್ಲಿಯರ್ ಕರೆಯಬೇಕು, ಇಲ್ಲವೇ ಅಲ್ಲಿ ಅದನ್ನು ಬಳಸಲೇಬಾರದು.


ಪ್ರತಿಕ್ರಿಯೆ: ಆಲ್ದೂರು_ಕಣ

ಇಬ್ಬರಿಗೂ ಕೃತಜ್ಞತೆಗಳು. ರಿಟರ್ನ್ ಮತ್ತು ವ್ರ್ಯಾಪ್ಸ್ ಸೇರಿಸಿದ ಮೇಲೆ ಎರಡೂ ತೊಂದರೆಗಳು ಹೋದವು. ಅದಲುಬದಲು ಮಾಡಿಯೂ ನೋಡಿದೆ. ಪಕ್ಕದ ತೋಟದವರ ಕೂಲಿ ಲೆಕ್ಕದ ಪುಟ, ಲಾಗಿನ್ ಇಲ್ಲದೆ, ನನ್ನ ತಂಗಿಯ ಫೋನಿನಲ್ಲಿ ಆರಾಮವಾಗಿ ತೆರೆದುಕೊಂಡಿತು. ತಕ್ಷಣ ಹಿಂದಿನಂತೆ ಮಾಡಿದೆ.

ಹೆಸರುಗಳನ್ನು ಕನ್ನಡದಲ್ಲಿ ಬರೆಯಬಹುದೆಂದು ತಿಳಿದು ಉತ್ಸಾಹದಿಂದ ಎಲ್ಲವನ್ನೂ ಬದಲಿಸಲು ಹೊರಟಾಗ ಇನ್ನೊಂದು ಪಾಠವಾಯಿತು. "ಲಾಗಿನ್" ಮತ್ತು "ಬೇಕು" ಎಂಬೆರಡು ಪದಗಳನ್ನು ಅಡಿಗೆರೆಯಿಲ್ಲದೆ ಸೇರಿಸಿ ಬರೆದಿದ್ದೆ. ನಕಾರಕ್ಕೆ ಬಕಾರ ಒತ್ತಕ್ಷರವಾಗಿ ಅಂಟಿಕೊಳ್ಳದಿರಲೆಂದು ಕೀಲಿಮಣೆ ನಡುವೆ ಹಾಕುವ, ಕಣ್ಣಿಗೆ ಕಾಣದ ಅಕ್ಷರವನ್ನು ಪೈಥಾನ್ ಹೆಸರಿನೊಳಗೆ ಒಪ್ಪುವುದಿಲ್ಲ. ಕಾಣದ ಅಕ್ಷರ ಎಂದೇ ದೋಷ ಬಂತು. ಕಾಣದ್ದನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಅಡಿಗೆರೆ ಹಾಕಿ ಲಾಗಿನ್_ಬೇಕು ಎಂದು ಬರೆದಾಗ ಸರಿಯಾಯಿತು.

ನನ್ನಲ್ಲಿ ಇನ್ನೆರಡು ಯೋಚನೆಗಳಿದ್ದವು, ನಿಮ್ಮ ಅಭಿಪ್ರಾಯ ಬೇಕು. ತೋಟದವರು ಮಳೆಯನ್ನು ಸೆಂಟ್ಸಿನಲ್ಲಿ ಬರೆಯುತ್ತಾರೆ, ಬೇರೆ ಕಡೆಯ ಅಂಕಿಗಳೊಡನೆ ಹೋಲಿಸಲು ಮಿಲಿಮೀಟರ್ ಬೇಕಾಗುತ್ತದೆ. ಉತ್ತರವನ್ನು ತಾನಾಗಿಯೇ ಮಿಲಿಮೀಟರಿಗೆ ತಿರುಗಿಸುವ ಡೆಕೊರೇಟರ್ ಬರೆಯಬಹುದೇ? ಎರಡನೆಯದು, ಮಳೆಗಾಲದಲ್ಲಿ ಇಲ್ಲಿ ಕರೆಂಟೂ ನೆಟ್ವರ್ಕೂ ಒಟ್ಟಿಗೇ ಹೋಗುತ್ತವೆ. ವಿಫಲವಾದ ಕರೆಯನ್ನು ಮೂರು ಸಲ ಪ್ರಯತ್ನಿಸುವ ಡೆಕೊರೇಟರಿನ ಉದಾಹರಣೆಯೊಂದನ್ನು ನೋಡಿದೆ, ಅದರಲ್ಲಿ ಒಂದರೊಳಗೊಂದು ಮೂರು ಡೆಫ್ ಇವೆ. ಮೂರು ಏಕೆಂದು ತಿಳಿಯಲಿಲ್ಲ.


ಉತ್ತರ: ಬೇಲೂರು_ಕಡೆಯವ

ಅಲಂಕಾರದ ಪ್ರಶ್ನೆಗೆ ಮಾತ್ರ ನನ್ನದೊಂದು ಮಾತು. ನಮ್ಮೂರಿನ ದೇವಾಲಯದ ಮದನಿಕೆಯರನ್ನು ನೋಡಿ ಬೆಳೆದವನಿಗೆ ಅಲಂಕಾರ ಎಂದರೆ ಇದ್ದ ಕಂಬಕ್ಕೆ ಸೇರಿದ ಚೆಲುವು ಎಂದೇ ಅನಿಸುತ್ತದೆ. ಆ ಕಲ್ಪನೆಯನ್ನು ಇಲ್ಲಿಗೆ ತಂದರೆ ದಾರಿ ತಪ್ಪುತ್ತೇವೆ. ಆ ಕಲ್ಪನೆಗೆ ಹತ್ತಿರವಾದದ್ದು ಜಾವಾ ಎಂಬ ಇನ್ನೊಂದು ಭಾಷೆಯ ಅನೊಟೇಶನ್. ನೋಡಲು ಅದೇ @ ಚಿಹ್ನೆ, ಬಂದದ್ದೂ ಅದೇ 2004ರಲ್ಲಿ, ಜಾವಾ 5ರೊಡನೆ. ಆದರೆ ಅದು ಮೆಥಡ್ಡಿನ ಮೇಲೆ ಅಂಟಿಸಿದ ಚೀಟಿ. ಚೀಟಿಯನ್ನು ಓದಿ ಏನಾದರೂ ಮಾಡುವವರು ಬೇರೆ ಯಾರೋ ಇರಬೇಕು, ಇಲ್ಲದಿದ್ದರೆ ಅದು ಸುಮ್ಮನೆ ಅಲ್ಲಿರುತ್ತದೆ. ಪೈಥಾನಿನದು ಚೀಟಿಯಲ್ಲ, ಆ ಕ್ಷಣವೇ ನಡೆದುಹೋಗುವ ಕರೆ. ಜಾವಾದಿಂದ ಬಂದ ನಾನು ಎರಡನ್ನೂ ಒಂದೇ ಎಂದು ಬಹಳ ದಿನ ತಿಳಿದಿದ್ದೆ.


ಉತ್ತರ: ಸಕಲೇಶಪುರ_ಘಾಟಿ

ಸೆಂಟ್ಸಿನ ಡೆಕೊರೇಟರ್ ಬೇಡ. 100 ಸೆಂಟ್ಸ್ ಎಂದರೆ ಒಂದು ಇಂಚು, 25.4 ಮಿಲಿಮೀಟರ್, 75 ಸೆಂಟ್ಸ್ ಮಳೆ 19.05 ಮಿಲಿಮೀಟರ್ ಆಗುತ್ತದೆ. ಫಂಕ್ಷನ್ನಿನ ಒಳಗೆ ಓದುವವನಿಗೆ 75 ಎಂದು ಕಾಣುತ್ತದೆ, ಕರೆದವನ ಕೈಗೆ 19.05 ಬರುತ್ತದೆ. ಯಾರೋ ಅದನ್ನು ಬಳಸುವ ಇನ್ನೊಂದು ಫಂಕ್ಷನ್ನಿನ ಮೇಲೂ ಅದೇ ಡೆಕೊರೇಟರನ್ನು ಹಾಕಿದರೆ 4.84 ಆಗುತ್ತದೆ, ಯಾವ ದೋಷ ಸಂದೇಶವೂ ಬರುವುದಿಲ್ಲ. ಸೆಂಟ್ಸ್_ಇಂದ_ಮಿಮೀ ಎಂಬ ಸಾದಾ ಫಂಕ್ಷನ್ನನ್ನು ಬರೆದು, ತೋರಿಸುವ ಜಾಗದಲ್ಲಿ ಮಾತ್ರ ಕರೆಯಿರಿ.

ಮೂರು ಡೆಫ್ ಏಕೆಂಬುದು ಒಳ್ಳೆಯ ಪ್ರಶ್ನೆ. @ ಚಿಹ್ನೆಯ ಮುಂದೆ ಬರುವುದು ಫಂಕ್ಷನ್ನನ್ನು ಪಡೆದು ಇನ್ನೊಂದನ್ನು ಕೊಡುವ ವಸ್ತುವಾಗಿರಬೇಕು. @ಮರುಪ್ರಯತ್ನ(3) ಎಂದು ಬರೆದಾಗ ಪೈಥಾನ್ ಮೊದಲು ಮರುಪ್ರಯತ್ನ(3) ಎಂಬುದನ್ನು ಕರೆಯುತ್ತದೆ, ಆ ಕರೆಯಿಂದ ಬಂದ ಉತ್ತರವನ್ನು ಡೆಕೊರೇಟರಾಗಿ ಬಳಸುತ್ತದೆ. ಬಿಡಿಸಿ ಬರೆದರೆ ಹೀಗೆ:

ಮಳೆ_ತರಿಸು = ಮರುಪ್ರಯತ್ನ(3)(ಮಳೆ_ತರಿಸು)

ಎರಡು ಜೊತೆ ಆವರಣಗಳಿವೆ, ಎಂದರೆ ಎರಡು ಕರೆಗಳು. ಹೊರಗಿನ ಡೆಫ್ 3 ಎಂಬ ಸಂಖ್ಯೆಯನ್ನು ಪಡೆಯುತ್ತದೆ, ನಡುವಿನದು ನಿಮ್ಮ ಫಂಕ್ಷನ್ನನ್ನು ಪಡೆಯುತ್ತದೆ, ಒಳಗಿನದು ಮುಂದೆ ಯಾರಾದರೂ ಕರೆದಾಗ ಕೊಡುವ ಮಾಹಿತಿಯನ್ನು ಪಡೆಯುತ್ತದೆ. ಮೂರು ಬೇರೆ ಬೇರೆ ಹೊತ್ತಿನಲ್ಲಿ ಮೂರು ಬೇರೆ ಸಂಗತಿಗಳು ಕೈಗೆ ಬರುವುದರಿಂದ ಮೂರು ಮಟ್ಟ. ಹೊರಗಿನ ಕರೆ ಎಂದೋ ಮುಗಿದಿದ್ದರೂ ಒಳಗಿನ ಹೊದಿಕೆ ಆ 3ನ್ನು ಮರೆಯುವುದಿಲ್ಲ. ತಾನು ಹುಟ್ಟಿದ ಜಾಗದಲ್ಲಿ ತನಗೆ ಬೇಕಿದ್ದ ಹೆಸರುಗಳನ್ನು ಅದು ಹಿಡಿದಿಟ್ಟುಕೊಂಡೇ ಬರುತ್ತದೆ. ಕ್ಲೋಶರ್ ಎನ್ನುವುದು ಇದಕ್ಕೇ. @ಮರುಪ್ರಯತ್ನ ಎಂದು ಆವರಣವಿಲ್ಲದೆ ಬರೆದರೆ ಸಂಖ್ಯೆ ಇರಬೇಕಾದ ಜಾಗಕ್ಕೆ ನಿಮ್ಮ ಫಂಕ್ಷನ್ ಹೋಗಿ ಕೂರುತ್ತದೆ, ಮತ್ತು ದೋಷ ಬರುವುದು ಆಗಲ್ಲ, ಆಮೇಲೆ ಕರೆದಾಗ. ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಇದು.

ಮರುಪ್ರಯತ್ನವನ್ನು ಎಲ್ಲಿ ಹಾಕುತ್ತೀರಿ ಎಂಬುದರಲ್ಲಿ ಎಚ್ಚರವಿರಲಿ. ಮಳೆಯ ಅಂಕಿಗಳನ್ನು ತರಿಸುವ ಫಂಕ್ಷನ್ನಿಗೆ ಧಾರಾಳವಾಗಿ ಹಾಕಿ. ಮೂರು ಸಲ ಓದಿದರೂ ಉತ್ತರ ಒಂದೇ. ಕೊಯ್ಲಿನ ತೂಕವನ್ನು ಸರ್ವರಿಗೆ ಕಳಿಸುವ ಫಂಕ್ಷನ್ನಿಗೆ ಹಾಗೆ ಹಾಕಬೇಡಿ. ಘಾಟಿಯ ಮೇಲೆ ಮನೆಯಿಂದಲೇ ಕೆಲಸ ಮಾಡುವ ನನಗೆ ಇದು ಅನುಭವದ ಮಾತು: ಕಳಿಸಿದ್ದು ಅಲ್ಲಿಗೆ ಮುಟ್ಟಿ ದಾಖಲಾಗಿರುತ್ತದೆ, "ಮುಟ್ಟಿತು" ಎಂಬ ಉತ್ತರ ಬರುವಷ್ಟರಲ್ಲಿ ನೆಟ್ವರ್ಕ್ ಹೋಗಿರುತ್ತದೆ. ಹೊದಿಕೆಗೆ ಅದು ವಿಫಲವಾದ ಕರೆಯಂತೆಯೇ ಕಾಣುತ್ತದೆ, ಅದು ಮತ್ತೆ ಕಳಿಸುತ್ತದೆ, ಒಬ್ಬಳ 42 ಕಿಲೋ ಪುಸ್ತಕದಲ್ಲಿ 84 ಆಗುತ್ತದೆ. ಅಲ್ಲಿಯೂ ಮರುಪ್ರಯತ್ನ ಬೇಕೇ ಬೇಕೆಂದಿದ್ದರೆ ಪ್ರತಿ ತೂಕಕ್ಕೂ ಫೋನಿನಲ್ಲಿಯೇ, ಮೊದಲ ಸಲ ಕಳಿಸುವ ಮುಂಚೆ, ಒಂದು ಗುರುತಿನ ಸಂಖ್ಯೆ ಕೊಡಿ. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಹೊಸದಾಗಿ ಬರೆಯದೆ "ಮುಟ್ಟಿತು" ಎಂದಷ್ಟೇ ಹೇಳುವಂತೆ ಮಾಡಿ. ಆ ಸಂಖ್ಯೆಯನ್ನು ಹೊದಿಕೆಯ ಒಳಗೆ, ಪ್ರತಿ ಪ್ರಯತ್ನಕ್ಕೂ ಹೊಸದಾಗಿ, ಹುಟ್ಟಿಸಬೇಡಿ. ಹಾಗೆ ಮಾಡಿದರೆ ಮೂರು ಪ್ರಯತ್ನಗಳೂ ಸರ್ವರಿಗೆ ಮೂರು ಬೇರೆ ತೂಕಗಳಾಗಿಯೇ ಕಾಣುತ್ತವೆ.


ಪ್ರತಿಕ್ರಿಯೆ: ಆಲ್ದೂರು_ಕಣ

ಮರುಪ್ರಯತ್ನವನ್ನು ಸದ್ಯಕ್ಕೆ ಮಳೆಯ ಪುಟಕ್ಕೆ ಮಾತ್ರ ಹಾಕಿದ್ದೇನೆ. ತೂಕದ ಗುರುತಿನ ಸಂಖ್ಯೆಗೆ ಡೇಟಾಬೇಸಿನಲ್ಲಿ ಹೊಸ ಕಾಲಂ ಬೇಕಾಗುತ್ತದೆ. ಅದನ್ನು ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಮುಗಿಸಿ, ಸಿಕ್ಕಿಹಾಕಿಕೊಂಡರೆ ಇಲ್ಲಿಯೇ ಬರೆಯುತ್ತೇನೆ.